ನೋಟವೂ ಸೇವೆಯೂ

ಪ್ರಸಾದನಿಲಯದ ಹಳೆಯ ವಿದ್ಯಾರ್ಥಿಗಳ ಸಮಾವೇಶವೊಂದು ಮುಗಿದ ಸಂಜೆ, ಈಗ ಸರ್ಕಾರದಲ್ಲಿ ಹಿರಿಯ ಅಧಿಕಾರಿಗಳಾಗಿರುವ ಒಬ್ಬರು ನಮ್ಮ ಬಳಿಗೆ ಬಂದು ಕುಳಿತು ಒಂದು ಪ್ರಶ್ನೆಯನ್ನು ಕೇಳಿದರು. "ಬುದ್ಧಿ, ಹಳ್ಳಿಗಳಲ್ಲಿ ಕುಡಿಯುವ ನೀರಿಗೆ ಜನ ಪರದಾಡುತ್ತಿರುವಾಗ ಚಿತ್ರ, ಶಿಲ್ಪ, ಸಂಗೀತ ಎಂದು ಹಣವನ್ನೂ ಹೊತ್ತನ್ನೂ ವ್ಯಯ ಮಾಡುವುದು ಪಾಪವಲ್ಲವೇ? ಹಸಿದವನ ಎದುರಿನಲ್ಲಿ ಸೌಂದರ್ಯದ ಮಾತನ್ನಾಡುವ ಹಕ್ಕು ನಮಗುಂಟೇ?" ಕೇಳಿದವರು ಬಡತನವನ್ನು ಉಂಡು ಬೆಳೆದವರು. ಅವರ ಪ್ರಶ್ನೆಯಲ್ಲಿ ವಾದದ ಚಪಲವಿರಲಿಲ್ಲ, ನೋವಿತ್ತು. ಅಂದು ನಾವು ಏನೋ ಎರಡು ಮಾತು ಹೇಳಿ ಕಳುಹಿಸಿದೆವು. ಆ ಉತ್ತರ ಅವರಿಗೆ ಸಾಲಲಿಲ್ಲವೆಂಬುದು ಅವರ ಮುಖದಲ್ಲಿ ಕಾಣುತ್ತಿತ್ತು, ನಮಗೂ ಸಾಲಲಿಲ್ಲ. ಈ ಲೇಖನ ಆ ಸಾಲವನ್ನು ತೀರಿಸುವ ಪ್ರಯತ್ನ.

ಇಂತಹ ಪ್ರಶ್ನೆಯನ್ನು ಕೇವಲ ತತ್ತ್ವದ ಮಾತಿನಿಂದ ಬಿಡಿಸಲು ಹೊರಟರೆ ಅದು ಇನ್ನಷ್ಟು ಸಿಕ್ಕಾಗುತ್ತದೆ. ಆದುದರಿಂದ ಒಂದು ಚಿತ್ರವನ್ನು ನಿಮ್ಮ ಮುಂದಿಡುತ್ತೇವೆ. ಅದು ನಮ್ಮ ನಾಡಿನದಲ್ಲ. ದೂರದ ಪೋಲೆಂಡ್ ದೇಶದ ಯೂಜೆಫ್ ಹೆಲ್ಮೊನ್ಸ್ಕಿ ಎಂಬ ಕಲಾವಿದ 1875ರಲ್ಲಿ ತೈಲವರ್ಣದಲ್ಲಿ ಬರೆದುದು. ಮೂಲಚಿತ್ರ ಇಂದು ವಾರ್ಸಾ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ನಾವು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಗ್ರಂಥಾಲಯದಲ್ಲಿ ಐರೋಪ್ಯ ಕಲೆಯನ್ನು ಕುರಿತ ಗ್ರಂಥವೊಂದರ ಪುಟ ತಿರುವುತ್ತಿರುವಾಗ ಅದರ ಮುದ್ರಿತ ಪ್ರತಿಯನ್ನು ಮೊದಲು ಕಂಡೆವು.

ಚಿತ್ರದ ವಸ್ತು ಬಹು ಸರಳವಾದುದು. ಕಣ್ಣು ಹರಿಯುವವರೆಗೂ ಬಯಲು. ಮರವಿಲ್ಲ, ಗುಡ್ಡವಿಲ್ಲ, ಒಣಗತೊಡಗಿದ ಹುಲ್ಲು, ಅದರ ಮೇಲೆ ವಿಶಾಲವಾದ ತಿಳಿ ಆಕಾಶ. ಶರತ್ಕಾಲದ ಇಳಿಬಿಸಿಲು ಎಲ್ಲವನ್ನೂ ಮೃದುವಾಗಿ ಆವರಿಸಿದೆ. ದೂರದ ದಿಗಂತದಲ್ಲಿ ದನಗಳ ಮಂದೆ. ಮಂದೆಯ ಕಡೆಗೆ ಮುಖ ಮಾಡಿ ಕುಳಿತ ಕರಿಯ ನಾಯಿ. ಮುಂಭಾಗದಲ್ಲಿ, ನಮ್ಮ ಕಾಲಬುಡದಲ್ಲೆಂಬಂತೆ, ಒಬ್ಬ ರೈತ ಹುಡುಗಿ ನೆಲದ ಮೇಲೆ ಬೆನ್ನು ಚೆಲ್ಲಿ ಮಲಗಿದ್ದಾಳೆ. ಒರಟು ಬಿಳಿಯ ಅಂಗಿ, ಮಾಸಿದ ಲಂಗ, ತಲೆಗೊಂದು ವಸ್ತ್ರ. ಕಾಲಿಗೆ ಪಾದರಕ್ಷೆಯಿಲ್ಲ, ಅಂಗಾಲಿಗೆ ಮಣ್ಣು ಮೆತ್ತಿದೆ. ಒಂದು ಕೈಯನ್ನು ಆಕಾಶಕ್ಕೆ ಎತ್ತಿದ್ದಾಳೆ. ಆ ಬೆರಳುಗಳ ನಡುವೆ, ನೋಡಿದರೂ ಕಾಣದಷ್ಟು ಸೂಕ್ಷ್ಮವಾದ ಜೇಡರ ನೂಲಿನ ಒಂದೆಳೆ ಗಾಳಿಯಲ್ಲಿ ತೇಲುತ್ತಿದೆ. ಅವಳು ಅದನ್ನೇ ನೋಡುತ್ತಿದ್ದಾಳೆ. ಇಷ್ಟೇ ಚಿತ್ರ.

ಇದರ ಹೆಸರು 'ಬಾಬಿಯೆ ಲಾತೊ'. ಶಬ್ದಶಃ ಹೇಳುವುದಾದರೆ 'ಮುದುಕಿಯರ ಬೇಸಿಗೆ' ಎಂದಾಗುತ್ತದೆ. ಚಳಿಗಾಲ ಇನ್ನೇನು ಬಂತು ಎನ್ನುವ ಮುನ್ನ, ಬೇಸಿಗೆ ಹೋದೆನೆಂದು ಹೋಗಿ ಮತ್ತೆ ಕೆಲವು ದಿನ ಹಿಂದಿರುಗಿ ಬಂದಂತೆ ಆ ನಾಡಿನಲ್ಲಿ ಹಿತವಾದ ಬಿಸಿಲು ಬೀಳುತ್ತದೆ. ಆ ದಿನಗಳಿಗೆ ಈ ಹೆಸರು. ಆಗ ಜೇಡದ ಮರಿಗಳು ಹುಲ್ಲಿನ ತುದಿಗೇರಿ, ನೂಲಿನ ಎಳೆಯನ್ನು ಗಾಳಿಗೆ ಬಿಟ್ಟು, ಅದರ ಆಧಾರದಿಂದಲೇ ಬೇರೆಡೆಗೆ ಹಾರಿಹೋಗುತ್ತವೆ. ಬಯಲಿನ ತುಂಬ ಆ ಎಳೆಗಳು ಬಿಸಿಲಿಗೆ ಮಿನುಗುತ್ತ ತೇಲುತ್ತವೆ. ಪೋಲಿಷ್ ಭಾಷೆಯಲ್ಲಿ ಆ ಎಳೆಗಳಿಗೂ ಇದೇ ಹೆಸರು.

ಚಿತ್ರ ಹುಟ್ಟಿದ ಕಾಲವನ್ನು ಅರಿಯದೆ ಅದರ ಅರ್ಥ ಪೂರ್ಣವಾಗದು. 1795ರಲ್ಲಿ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಈ ಮೂರು ರಾಜ್ಯಗಳು ಪೋಲೆಂಡನ್ನು ಕಡೆಯ ಬಾರಿಗೆ ಹಂಚಿಕೊಂಡವು. 1918ರವರೆಗೆ, ಅಂದರೆ 123 ವರ್ಷಗಳ ಕಾಲ, ಸ್ವತಂತ್ರ ಪೋಲೆಂಡ್ ಭೂಪಟದಲ್ಲಿ ಇರಲಿಲ್ಲ. 1863ರ ಜನವರಿಯಲ್ಲಿ ರಷ್ಯಾದ ಆಳ್ವಿಕೆಯ ವಿರುದ್ಧ ಎದ್ದ ದಂಗೆಯನ್ನು ಮರುವರ್ಷ ಕ್ರೂರವಾಗಿ ಅಡಗಿಸಲಾಯಿತು. ಅನೇಕರನ್ನು ಗಲ್ಲಿಗೇರಿಸಿದರು; ಸಹಸ್ರಾರು ಜನರನ್ನು ಸೈಬೀರಿಯಾಕ್ಕೆ ಗಡೀಪಾರು ಮಾಡಿದರು. ಇಂತಹ ಹೊತ್ತಿನಲ್ಲಿ ಕಲಾವಿದನ ಧರ್ಮ ಏನೆಂಬ ಪ್ರಶ್ನೆ ಆ ನಾಡಿನ ಚಿಂತಕರನ್ನು ಕಾಡಿತು. ಯಾನ್ ಮಾತೇಯ್ಕೊ ಎಂಬ ಮಹಾಕಲಾವಿದ ಗತಕಾಲದ ರಾಜರನ್ನೂ ಯುದ್ಧಗಳನ್ನೂ ಬೃಹತ್ ಚಿತ್ರಗಳಲ್ಲಿ ಬರೆದು ಜನರ ಸ್ವಾಭಿಮಾನವನ್ನು ಎಚ್ಚರಿಸುತ್ತಿದ್ದ. ಇಪ್ಪತ್ತಾರು ತುಂಬದ ಹೆಲ್ಮೊನ್ಸ್ಕಿಯಾದರೋ ಉಕ್ರೇನಿನ ಬಯಲುಗಳಲ್ಲಿ ಅಲೆದು ಬಂದು, ದನ ಕಾಯುವ ಹುಡುಗಿಯೊಬ್ಬಳನ್ನು ಸುಮಾರು ಒಂದೂವರೆ ಮೀಟರ್ ಅಗಲದ ಚಿತ್ರದಲ್ಲಿ ಮಲಗಿಸಿದ!

ವಾರ್ಸಾದಲ್ಲಿ ಅದನ್ನು ಪ್ರದರ್ಶಿಸಿದಾಗ ವಿಮರ್ಶಕರು ಮೂಗು ಮುರಿದರು. ವಸ್ತು ಕ್ಷುದ್ರವೆಂದರು, ಹುಡುಗಿ ಕುರೂಪಿಯೆಂದರು. ಎಲ್ಲಕ್ಕಿಂತ ಹೆಚ್ಚಾಗಿ ಅವರ ಕಣ್ಣು ಕುಕ್ಕಿದ್ದು ಆ ಕೊಳೆಯಾದ ಕಾಲು. ದೊಡ್ಡ ಮನೆತನಗಳ ಪಡಸಾಲೆಯ ಗೋಡೆಯ ಮೇಲೆ ಮಣ್ಣು ಮೆತ್ತಿದ ಅಂಗಾಲನ್ನು ತೂಗುಹಾಕುವುದೇ?

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ರಷ್ಯಾದ ಸಾಮ್ರಾಜ್ಯದಲ್ಲಿ ರೈತರ ಜೀತಪದ್ಧತಿ ರದ್ದಾದದ್ದು 1861ರಲ್ಲಿ. ಪೋಲೆಂಡಿನ ರಷ್ಯನ್ ಭಾಗದಲ್ಲಿ ರೈತರು ಭೂಮಿಯ ಒಡೆಯರಾದದ್ದು 1864ರಲ್ಲಿ. ಅಲ್ಲಿಯವರೆಗೆ ರೈತನು ವಾರದಲ್ಲಿ ಗೊತ್ತಾದಷ್ಟು ದಿನ ಜಹಗೀರುದಾರನ ಹೊಲದಲ್ಲಿ ಕೂಲಿಯಿಲ್ಲದೆ ದುಡಿಯಬೇಕಾಗಿತ್ತು. ಅವನ ದೇಹ ಅವನದಾಗಿರಲಿಲ್ಲ, ಅವನ ಹೊತ್ತೂ ಅವನದಾಗಿರಲಿಲ್ಲ. ಚಿತ್ರದ ಹುಡುಗಿ ಹುಟ್ಟುವ ಕಾಲಕ್ಕೆ ಅವಳಂಥವರ ತಂದೆತಾಯಿಗಳು ಇನ್ನೊಬ್ಬರ ಸೊತ್ತು. ಅಂಥವರ ಮಗಳು ಈಗ ನಡುಹಗಲಿನಲ್ಲಿ ಬಯಲಿನ ಮೇಲೆ ಮಲಗಿ, ಯಾರ ಅಪ್ಪಣೆಯನ್ನೂ ಕೇಳದೆ, ಯಾವ ಪ್ರಯೋಜನಕ್ಕೂ ಬಾರದ ಒಂದು ನೂಲಿನೆಳೆಯನ್ನು ನೋಡುತ್ತಿದ್ದಾಳೆ. ಆ ಒಂದು ಗಳಿಗೆ ಅವಳದು. ವಿಮರ್ಶಕರು ಕಾಲಿನ ಮಣ್ಣನ್ನು ಕಂಡರು, ಕೈಯಲ್ಲಿದ್ದುದನ್ನು ಕಾಣಲಿಲ್ಲ.

ಆ ವಿಮರ್ಶಕರನ್ನು ಹಳಿಯುವುದು ಸುಲಭ. ಆದರೆ ಸತ್ಯವನ್ನು ಹೇಳಬೇಕಾದರೆ, ಗ್ರಂಥಾಲಯದಲ್ಲಿ ಈ ಚಿತ್ರವನ್ನು ಮೊದಲು ಕಂಡಾಗ ನಮ್ಮ ಮನಸ್ಸಿನಲ್ಲಿ ಎದ್ದ ಮಾತೂ ಅಂತಹುದೇ. "ಎಂಥ ಸೋಮಾರಿ ಹುಡುಗಿ! ದನಗಳನ್ನು ನಾಯಿಗೆ ಒಪ್ಪಿಸಿ ಮಲಗಿದ್ದಾಳೆ" ಎಂದುಕೊಂಡು ಪುಟ ತಿರುವಿದೆವು. ಕಾಯಕದ ಮಹತಿಯನ್ನು ಬಾಲ್ಯದಿಂದಲೂ ಕೇಳುತ್ತ ಬಂದವರು ನಾವು. ಕೆಲಸವಿಲ್ಲದ ಕೈ ಕಂಡರೆ ನಮಗೆ ಕಸಿವಿಸಿ. ಕಾಯಕವನ್ನು ಎತ್ತಿಹಿಡಿಯುವ ಉತ್ಸಾಹದಲ್ಲಿ ಕಾಯಕ ಮಾಡುವವನನ್ನೇ ಮರೆಯುವ ಅಪಾಯವೊಂದಿದೆ ಎಂಬುದು ಆಗ ಹೊಳೆದಿರಲಿಲ್ಲ. ಅದು ಹೊಳೆಯಲು ಇನ್ನೂ ಹಲವು ವರ್ಷ ಬೇಕಾಯಿತು. ಒಬ್ಬ ಹುಡುಗನ ಮನಸ್ಸನ್ನೂ ನೋಯಿಸಬೇಕಾಯಿತು.

ನಾವು ಮಠದ ಹೊಣೆಯನ್ನು ಹೊತ್ತ ಹೊಸತು. ಒಂದು ಮಧ್ಯಾಹ್ನ ಕೊಟ್ಟಿಗೆಯ ಕಡೆ ಹೋದಾಗ, ಪ್ರಸಾದನಿಲಯದ ಹುಡುಗನೊಬ್ಬ ಬಣವೆಯ ಮಗ್ಗುಲಲ್ಲಿ ಅಂಗಾತ ಮಲಗಿ, ಆಕಾಶದಲ್ಲಿ ಸುತ್ತುತ್ತಿದ್ದ ಹದ್ದನ್ನು ನೋಡುತ್ತಿದ್ದ. "ಪ್ರಸಾದ ಉಂಡು ಮಲಗುವುದಕ್ಕೆ ಇಲ್ಲಿಗೆ ಬಂದೆಯೇನಪ್ಪಾ?" ಎಂದು ಗದರಿಸಿದೆವು. ಅವನು ಎದ್ದು, ಬಟ್ಟೆಗೆ ಅಂಟಿದ ಹುಲ್ಲನ್ನು ಕೊಡವಿಕೊಂಡು, ತಲೆ ತಗ್ಗಿಸಿ ಹೋದ. ಸಂಜೆ ಅಡುಗೆಯವರು ಹೇಳಿದರು: ಹಿಂದಿನ ರಾತ್ರಿ ಹಸುವೊಂದು ಈಯಲು ಕಷ್ಟಪಟ್ಟಿತ್ತಂತೆ, ಆ ಹುಡುಗ ಬೆಳಗಿನವರೆಗೂ ಅದರ ಪಕ್ಕದಲ್ಲೇ ಕುಳಿತಿದ್ದನಂತೆ. ಮರುದಿನ ನಾವು ಅವನನ್ನು ಕರೆದು ಸಮಾಧಾನ ಹೇಳಿದೆವು. "ಇರಲಿ ಬುದ್ಧಿ" ಎಂದ. ಆದರೆ ಅವನು ಆ ಬಣವೆಯ ಬಳಿ ಮಲಗಿದ್ದನ್ನು ನಾವು ಮತ್ತೆಂದೂ ಕಾಣಲಿಲ್ಲ.

ಸದ್ಭಕ್ತರೇ, ಅವನಿಗೆ ಮೂರು ವರ್ಷಗಳಿಂದ ಮಠ ಅನ್ನ ಹಾಕುತ್ತಿತ್ತು. ಅವನ ಊರು ನಮಗೆ ಗೊತ್ತಿತ್ತು, ತಂದೆಯ ಹೆಸರು ಗೊತ್ತಿತ್ತು, ಪರೀಕ್ಷೆಯ ಅಂಕಗಳು ಗೊತ್ತಿದ್ದವು. ಹದ್ದನ್ನು ನೋಡುವುದರಲ್ಲಿ ಅವನಿಗೆ ಸುಖವಿದೆ ಎಂಬುದು ಗೊತ್ತಿರಲಿಲ್ಲ. ಅವನ ಹಸಿವನ್ನು ಕಂಡಿದ್ದೆವು, ಅವನನ್ನು ಕಂಡಿರಲಿಲ್ಲ. ಆ ರಾತ್ರಿ, ಎಂದೋ ಪುಟ ತಿರುವಿಹಾಕಿದ್ದ ಆ ಪೋಲಿಷ್ ಹುಡುಗಿ ನಮಗೆ ನೆನಪಾದಳು. ಚಿತ್ರವನ್ನು ಮತ್ತೆ ಹುಡುಕಿ ತರಿಸಿ ನೋಡಿದೆವು. ಅದರ ಹಿಂದಿನ ಕಥೆಯನ್ನು ಓದಿದೆವು. ಆಗ ತಿಳಿದ ಒಂದು ಸಂಗತಿ, ನಮ್ಮ ಅಧಿಕಾರಿ ಮಿತ್ರರ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದುದು.

ಆ ದಿನಗಳಲ್ಲಿ ಹೆಲ್ಮೊನ್ಸ್ಕಿ ವಾರ್ಸಾದ ಯುರೋಪೆಯ್ಸ್ಕಿ ಎಂಬ ಹೋಟೆಲಿನ ಮೇಲಂತಸ್ತಿನ ಕೋಣೆಯನ್ನು ಚಿತ್ರಶಾಲೆಯಾಗಿ ಮಾಡಿಕೊಂಡಿದ್ದ. ಬಡತನದ ಕಾಲ; ಆ ಕೋಣೆಯನ್ನು ಮಿತ್ರರೊಡನೆ ಹಂಚಿಕೊಂಡಿದ್ದ. ಅವರಲ್ಲಿ ಒಬ್ಬ ಸ್ತಾನಿಸ್ವಾಫ್ ವಿತ್ಕೆವಿಚ್. ಚಿತ್ರದ ಬೆಲೆ ಅದರ ವಸ್ತುವಿನ ದೊಡ್ಡಸ್ತಿಕೆಯಲ್ಲಿಲ್ಲ, ರಾಜನಾಗಲಿ ಕೂಲಿಯವಳಾಗಲಿ ಬರೆದ ಬಗೆಯೇ ಮುಖ್ಯ ಎಂದು ಮುಂದೆ ವಾದಿಸಿ ಆ ನಾಡಿನ ಕಲಾವಿಮರ್ಶೆಯ ದಿಕ್ಕನ್ನೇ ಬದಲಿಸಿದವನು. ಇನ್ನೊಬ್ಬ ಆದಮ್ ಹ್ಮೆಲೋವ್ಸ್ಕಿ. 1863ರ ದಂಗೆಯಲ್ಲಿ, ಹದಿನೆಂಟರ ಹರೆಯದಲ್ಲಿ ಹೋರಾಡಿ ಎಡಗಾಲನ್ನು ಕಳೆದುಕೊಂಡವನು. ಮರದ ಕಾಲಿನ ಮೇಲೆ ನಿಂತು ಚಿತ್ರ ಬರೆಯುತ್ತಿದ್ದವನು.

ಈ ಹ್ಮೆಲೋವ್ಸ್ಕಿಯ ಮುಂದಿನ ಬಾಳು ವಿಸ್ಮಯಕರವಾದುದು. ಅವನು ಕ್ರಾಕೋವ್ ನಗರಕ್ಕೆ ಬಂದು ನೆಲೆಸಿದಾಗ, ಮನೆಮಠವಿಲ್ಲದವರು ಚಳಿಗೆ ಬಂದು ಸೇರುತ್ತಿದ್ದ ಸಾರ್ವಜನಿಕ ತಂಗುದಾಣವನ್ನು ಕಂಡ. ಕುಡುಕರು, ಕಳ್ಳರು, ರೋಗಿಗಳು, ಕೆಲಸ ಕಳೆದುಕೊಂಡವರು ಅಲ್ಲಿ ಒತ್ತೊತ್ತಾಗಿ ಬಿದ್ದಿರುತ್ತಿದ್ದರು. ಹೆಸರಾಂತ ಕಲಾವಿದನಾಗಿದ್ದ ಅವನು 1887ರಲ್ಲಿ ಒರಟು ಬೂದುಬಣ್ಣದ ನಿಲುವಂಗಿಯನ್ನು ತೊಟ್ಟು, 'ಸಹೋದರ ಆಲ್ಬರ್ಟ್' ಎಂಬ ಹೆಸರನ್ನು ಧರಿಸಿ, ಆ ಜನರ ನಡುವೆಯೇ ವಾಸಮಾಡತೊಡಗಿದ. 1888ರಲ್ಲಿ ಅವನ ಸನ್ಯಾಸಿ ಸಂಘ ಆರಂಭವಾಯಿತು. 1916ರ ಡಿಸೆಂಬರ್ 25ರಂದು ಅವನು ತೀರಿಕೊಂಡಾಗ ಬಡವರೇ ಅವನ ಬಂಧುಗಳು. ಅವನ ಜೀವನವನ್ನು ಕುರಿತು ನಾಟಕ ಬರೆದ ಕರೋಲ್ ವೊಯ್ತಿವಾ ಎಂಬ ಪೋಲಿಷ್ ತರುಣ, ತಾನೂ ರಂಗಭೂಮಿಯನ್ನು ಬಿಟ್ಟು ಪಾದ್ರಿಯಾಗಿ, ಮುಂದೆ ಎರಡನೆಯ ಜಾನ್ ಪಾಲ್ ಎಂಬ ಹೆಸರಿನ ಪೋಪ್ ಆದ. 1989ರಲ್ಲಿ ಹ್ಮೆಲೋವ್ಸ್ಕಿಗೆ ಸಂತಪದವಿಯನ್ನು ಘೋಷಿಸಿದವನೂ ಅವನೇ.

ಒಂದೇ ಕೋಣೆ, ಇಬ್ಬರು ಗೆಳೆಯರು. ಒಬ್ಬ ಬಡ ಹುಡುಗಿಯ ಚಿತ್ರ ಬರೆದ. ಇನ್ನೊಬ್ಬ ಕುಂಚದ ಬಾಳನ್ನು ಹಿಂದೆ ಬಿಟ್ಟು ಬಡವರ ಬಳಿಗೆ ಹೋದ. ಇವರಲ್ಲಿ ಯಾರು ಹಿರಿಯರು? ಮೊದಲ ನೋಟಕ್ಕೆ ಉತ್ತರ ಸ್ಪಷ್ಟವೆನಿಸುತ್ತದೆ. ಚಿತ್ರದಿಂದ ಆ ಹುಡುಗಿಗೆ ದೊರೆತದ್ದೇನು? ಅವಳ ಕಾಲಿಗೆ ಪಾದರಕ್ಷೆ ಬರಲಿಲ್ಲ, ಅವಳ ಮನೆಗೆ ರೊಟ್ಟಿ ಬರಲಿಲ್ಲ. ಹೆಲ್ಮೊನ್ಸ್ಕಿಯಾದರೋ ತನ್ನೂರಿನವರ ತಿರಸ್ಕಾರದಿಂದ ನೊಂದು ಅದೇ 1875ರಲ್ಲಿ ಪ್ಯಾರಿಸ್ಸಿಗೆ ಹೋದ. ಅಲ್ಲಿ ಓಡುವ ಕುದುರೆಗಳ ಚಿತ್ರಗಳನ್ನು ಬರೆದು ಹಣವನ್ನೂ ಕೀರ್ತಿಯನ್ನೂ ಗಳಿಸಿದ. ಬಡತನವನ್ನು ನೋಡಿ, ಅದನ್ನು ಚಂದವಾಗಿ ಬರೆದು, ಬೆನ್ನು ತಿರುಗಿಸಿ ಹೋಗುವುದು ಒಂದು ಬಗೆಯ ಕಳವು ಎಂದು ಯಾರಾದರೂ ಆಕ್ಷೇಪಿಸಿದರೆ, ಆ ಮಾತನ್ನು ಪೂರ್ತಿಯಾಗಿ ತಳ್ಳಿಹಾಕುವ ಧೈರ್ಯ ನಮಗಿಲ್ಲ. ಆ ಹುಡುಗಿಗೆ ಸಲ್ಲಬೇಕಾದ ಋಣ ತೀರಿಲ್ಲ; ಇನ್ನು ತೀರುವಂತೆಯೂ ಇಲ್ಲ.

ಆದರೂ ವಿಚಾರವನ್ನು ಇಲ್ಲಿಗೇ ಬಿಡಲಾಗದು. ಬಡವನನ್ನು ನೋಡುವ ನೋಟದಲ್ಲಿ ಮೂರು ಬಗೆಯುಂಟು. ಮೊದಲನೆಯದು ತಾತ್ಸಾರದ ನೋಟ. ಅದು ಕಾಲಿನ ಕೊಳೆಯನ್ನು ಮಾತ್ರ ಕಾಣುತ್ತದೆ. ಎರಡನೆಯದು ಕನಿಕರದ ನೋಟ. ಇದು ಮೊದಲನೆಯದಕ್ಕಿಂತ ಎಷ್ಟೋ ಮೇಲು. ಹಸಿದವನಿಗೆ ಅನ್ನ, ಬೆತ್ತಲೆಯಿದ್ದವನಿಗೆ ಬಟ್ಟೆ ಇದರಿಂದಲೇ ದೊರೆಯುತ್ತದೆ. ಆದರೆ ಕನಿಕರಕ್ಕೂ ಕಾಣುವುದು ಇಲ್ಲದ್ದು ಮಾತ್ರ. ಅನ್ನವಿಲ್ಲ, ಅಕ್ಷರವಿಲ್ಲ, ಮನೆಯಿಲ್ಲ ಎಂದು ಅದು ಎಣಿಸುತ್ತ ಹೋಗುತ್ತದೆ. ಅವನಲ್ಲಿ ಏನಿದೆ ಎಂದು ಕೇಳುವುದಿಲ್ಲ. ಮೂರನೆಯದು ಗೌರವದ ನೋಟ. ಎದುರಿಗಿರುವವನು ನಮ್ಮಂತೆಯೇ ತುಂಬಿದ ಜೀವ, ಅವನಿಗೂ ಒಂದು ಒಳಬಾಳುಂಟು, ನಾವು ಕೊಡದೆಯೂ ಅವನಿಗೆ ದಕ್ಕಿರುವ ಸಂತೋಷವುಂಟು ಎಂದು ಅದು ಒಪ್ಪುತ್ತದೆ. ಹೆಲ್ಮೊನ್ಸ್ಕಿಯ ಚಿತ್ರದಲ್ಲಿರುವುದು ಈ ಮೂರನೆಯ ನೋಟ. ಅವನು ಕಾಲಿನ ಮಣ್ಣನ್ನು ಮರೆಮಾಚಲಿಲ್ಲ, ತೊಳೆದು ತೋರಿಸಲಿಲ್ಲ. ಅದನ್ನು ತೋರಿಸಿ ನಮ್ಮಿಂದ ಕಣ್ಣೀರನ್ನೂ ಬೇಡಲಿಲ್ಲ. ಹುಡುಗಿ ನಮ್ಮ ಕಡೆ ನೋಡುವುದೇ ಇಲ್ಲ. ಅವಳಿಗೆ ನಮ್ಮ ಕನಿಕರದ ಅಗತ್ಯವೂ ಆ ಗಳಿಗೆಯಲ್ಲಿ ಇಲ್ಲ.

ಈ ಮೂರನೆಯ ನೋಟವಿಲ್ಲದ ಸೇವೆಗೆ ಏನಾಗುತ್ತದೆ? ಅದು ಮೆಲ್ಲಮೆಲ್ಲನೆ ಒಡೆತನವಾಗುತ್ತದೆ. ಅನ್ನ ಕೊಟ್ಟವರು ಉಂಡವನ ಹೊತ್ತನ್ನೂ ತಮ್ಮದೆಂದುಕೊಳ್ಳುತ್ತಾರೆ. ಜಹಗೀರುದಾರನು ದುಡಿಮೆಯ ಹೆಸರಿನಲ್ಲಿ ಕಸಿದುಕೊಂಡದ್ದನ್ನೇ ನಾವು ಉಪಕಾರದ ಹೆಸರಿನಲ್ಲಿ ಕಸಿದುಕೊಳ್ಳುತ್ತೇವೆ. ಬಣವೆಯ ಬಳಿ ನಾವು ಮಾಡಿದ್ದು ಇದನ್ನೇ. ಸಹೋದರ ಆಲ್ಬರ್ಟನ ಸೇವೆ ಹೀಗಾಗಲಿಲ್ಲ. ಅವನು ಮೇಲೆ ನಿಂತು ಕೈ ನೀಡಲಿಲ್ಲ. ಅವರು ಮಲಗಿದಲ್ಲಿ ಮಲಗಿದ, ಅವರು ಉಂಡದ್ದನ್ನು ಉಂಡ. ಇದಕ್ಕೆ ಅವನ ಭಕ್ತಿ ಕಾರಣವೆಂಬುದು ನಿಸ್ಸಂಶಯ. ಆದರೆ ವರ್ಷಾನುಗಟ್ಟಲೆ ಮನುಷ್ಯರ ಮುಖಗಳನ್ನು ಏಕಾಗ್ರತೆಯಿಂದ ನೋಡಿ ಬರೆದ ಕಲಾವಿದನ ಕಣ್ಣು ಅವನಿಗಿತ್ತೆಂಬುದನ್ನೂ ನಾವು ಮರೆಯಬಾರದು. ತಂಗುದಾಣದಲ್ಲಿ ಇತರರಿಗೆ ಗುಂಪು ಕಂಡಲ್ಲಿ ಅವನಿಗೆ ಒಬ್ಬೊಬ್ಬರ ಮುಖ ಕಂಡಿರಬೇಕು. ಕುಂಚ ಕಲಿಸಿದ ನೋಟ ಸೇವೆಯಲ್ಲಿ ಫಲಿಸಿತೆಂದೇ ನಮ್ಮ ತಿಳಿವಳಿಕೆ.

ಇನ್ನು ಹೆಲ್ಮೊನ್ಸ್ಕಿ. ಪ್ಯಾರಿಸ್ಸಿನ ಸಂಪತ್ತು ಅವನನ್ನು ಹಿಡಿದಿಡಲಿಲ್ಲ. 1887ರಲ್ಲಿ ಸ್ವದೇಶಕ್ಕೆ ಮರಳಿದ. 1889ರಲ್ಲಿ ಕುಕ್ಲುವ್ಕಾ ಎಂಬ ಹಳ್ಳಿಯಲ್ಲಿ ಮನೆ ಕೊಂಡು, 1914ರಲ್ಲಿ ಸಾಯುವವರೆಗೂ ಅಲ್ಲಿನ ಹೊಲಗದ್ದೆಗಳ ನಡುವೆಯೇ ಬಾಳಿದ. 1900ರಲ್ಲಿ ಅವನು ಬರೆದ 'ಕೊಕ್ಕರೆಗಳು' ಎಂಬ ಚಿತ್ರವೂ ವಾರ್ಸಾದ ಅದೇ ಸಂಗ್ರಹಾಲಯದಲ್ಲಿದೆ. ಉಳುಮೆಯನ್ನು ನಿಲ್ಲಿಸಿ ಮಧ್ಯಾಹ್ನದ ಊಟಕ್ಕೆ ಕುಳಿತ ಬರಿಗಾಲಿನ ರೈತ, ಪಕ್ಕದಲ್ಲಿ ನಿಂತ ಹುಡುಗ, ಹಿಂದೆ ನೇಗಿಲು ಮತ್ತು ಎತ್ತುಗಳು. ಇಬ್ಬರೂ ತಲೆಯೆತ್ತಿ, ವಸಂತಕಾಲಕ್ಕೆ ಮರಳಿ ಬರುತ್ತಿರುವ ಕೊಕ್ಕರೆಗಳನ್ನು ನೋಡುತ್ತಿದ್ದಾರೆ. ಇಪ್ಪತ್ತೈದು ವರ್ಷಗಳ ನಂತರವೂ ಅವನು ಹೇಳಿದ್ದು ಅದೇ ಮಾತು: ದುಡಿಯುವವನಿಗೆ ಆಕಾಶವನ್ನು ನೋಡುವ ಹಕ್ಕುಂಟು. ಒಮ್ಮೆ ಬೈಸಿಕೊಂಡ ಮಾತನ್ನೇ ಮತ್ತೆ ಹೇಳಲು ಮರಳಿ ಬಂದವನನ್ನು ಬೆನ್ನು ತಿರುಗಿಸಿ ಹೋದವನೆಂದು ಕರೆಯುವುದು ನ್ಯಾಯವಲ್ಲ.

ಹಾಗಾದರೆ ಅಧಿಕಾರಿ ಮಿತ್ರರ ಪ್ರಶ್ನೆಗೆ ನಮ್ಮ ಉತ್ತರವೇನು? ಹಸಿದವನ ಮುಂದೆ ಅನ್ನವನ್ನು ಇಡಬೇಕಾದಲ್ಲಿ ಚಿತ್ರವನ್ನು ಇಡುವುದು ಅಧರ್ಮವೇ ಸರಿ. ನೀರು ಬೇಕಾದ ಊರಿಗೆ ನೀರೇ ಮೊದಲು ಹೋಗಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ನೀರನ್ನು ಕೊಂಡೊಯ್ಯುವ ನಮಗೆ, ಆ ಊರಿನವರು ಬಾಯಾರಿದ ಬಾಯಿಗಳು ಮಾತ್ರವಲ್ಲ ಎಂಬ ಅರಿವು ಬೇಕು. ಆ ಅರಿವನ್ನು ಕಡತಗಳು ಕಲಿಸಲಾರವು. ಅಂಕಿ ಅಂಶಗಳೂ ಕಲಿಸಲಾರವು. ಒಂದು ಒಳ್ಳೆಯ ಚಿತ್ರ, ಒಂದು ಒಳ್ಳೆಯ ಹಾಡು ಕಲಿಸಬಲ್ಲುದು. ಸೌಂದರ್ಯ ಹಸಿದವನಿಗೆ ಅನ್ನದ ಬದಲಿಯಲ್ಲ. ಅನ್ನವಿಕ್ಕುವವನ ಕಣ್ಣಿಗೆ ಅದು ಔಷಧ.

ಈ ಮಠದ ಪ್ರಸಾದವನ್ನು ಉಂಡು, ಓದಿ, ಇಂದು ಹಲವು ಹುದ್ದೆಗಳಲ್ಲಿರುವ ನಿಮ್ಮಲ್ಲಿ ಅನೇಕರ ಕೈಯಲ್ಲಿ ಕೊಡುವ ಅಧಿಕಾರವಿದೆ. ನಿಮ್ಮ ಮೇಜಿನ ಮುಂದೆ ಅರ್ಜಿ ಹಿಡಿದು ಬರಿಗಾಲಿನವರು ಬಂದು ನಿಲ್ಲುತ್ತಾರೆ. ಕೊಡಬೇಕಾದುದನ್ನು ತಡಮಾಡದೆ ಕೊಡಿರಿ. ಕೊಡುವ ಮುನ್ನ ಒಮ್ಮೆ ತಲೆಯೆತ್ತಿ ಅವರ ಮುಖವನ್ನು ನೋಡಿರಿ. ನಿಮ್ಮ ಮನೆಯಲ್ಲಿ, ತೋಟದಲ್ಲಿ, ಕಚೇರಿಯಲ್ಲಿ ದುಡಿಯುವವರು ಒಂದು ಗಳಿಗೆ ಸುಮ್ಮನೆ ಕುಳಿತು ಎತ್ತಲೋ ನೋಡುತ್ತಿರುವುದು ಕಂಡರೆ, ಗದರಿಸುವ ಮುನ್ನ ಅವರು ನೋಡುತ್ತಿರುವುದೇನೆಂದು ನೀವೂ ಆ ಕಡೆ ನೋಡಿರಿ.

ಆ ಹುಡುಗ ಈಗ ಎಲ್ಲಿದ್ದಾನೋ ನಾವರಿಯೆವು. ಈ ಮಾಸಪತ್ರಿಕೆ ಅವನ ಕೈಗೆ ಬಂದಿದ್ದರೆ, ಅಂದು ಬಣವೆಯ ಬಳಿ ಹೇಳಬಾರದ ಮಾತನ್ನು ಹೇಳಿದವರು ಇಂದಿಗೂ ಅದನ್ನು ಮರೆತಿಲ್ಲವೆಂದು ಅವನು ತಿಳಿಯಲಿ. ಕೊಟ್ಟಿಗೆಯ ಹಿಂದೆ ಈ ವರ್ಷವೂ ಬಣವೆ ಒಟ್ಟಿದೆ. ಮಧ್ಯಾಹ್ನದ ಹೊತ್ತು ಅಲ್ಲಿ ಹಿತವಾದ ನೆರಳಿರುತ್ತದೆ. ಹದ್ದುಗಳು ಈಗಲೂ ಬರುತ್ತವೆ.